ಇನಾಮದಾರರ ಆನಂದಬಾಷ್ಪ

ನನ್ನ ಮಗಳ ಮುಸುಕು ಎಳೆದ ಕೈ ಇನ್ನೊಮ್ಮೆ ಮುಸುಕು ಎಳೆಯಬೇಕು, ಆಗ ಅದು ಸುಟ್ಟುಕೊಳ್ಳಬೇಕು ಎಂದು ಹರಕೆ ಹೊತ್ತೆ. ಅಲ್ಲಾನಿಗೂ ಹೇಳಿದೆ, ದಾರಿಯ ದರ್ಗಾದ ಪೀರನಿಗೂ ಹೇಳಿದೆ. ಆದರೆ ಅವರ ಮೇಲೆ ಹಾಕಿ ಸುಮ್ಮನೆ ಕೂಡುವವಳು ನಾನಲ್ಲ.

ನಾನು ಜೈತುನಬಿ, ಮುಧೋಳದ ಬಳೆಗಾರ್ತಿ. ಬುಟ್ಟಿ ಹೊತ್ತು ಮನೆ ಮನೆ ತಿರುಗುವವಳಿಗೆ ಬುರ್ಖಾ ಎಲ್ಲಿಯದು? ತಲೆಯ ಮೇಲೆ ಸೆರಗಿದ್ದರೆ ಮುಗಿಯಿತು. ಬುರ್ಖಾ ಹಾಕುತ್ತಿದ್ದವಳು ನನ್ನ ಮಗಳು ಬಿಬಿಜಾನ್. ಗಂಡ ತೀರಿದ ಮೇಲೆ ಮನೆಯಲ್ಲಿ ಅವನ ಅಣ್ಣನ, ಎಂದರೆ ನನ್ನ ಭಾವನದೇ ಮಾತು; ಬಿಬಿಜಾನ್ ಅವನನ್ನು ಬಡೇಅಬ್ಬಾ ಎನ್ನುತ್ತಿದ್ದಳು. "ದೊಡ್ಡಾಕಿ ಆಗ್ಯಾಳ. ಪ್ಯಾಟಿ ದಾಟಿ ಸಾಲಿಗೆ ಹೋಗೂದಾದ್ರ ಮಾರಿ ಮುಚಗೊಂಡು ಹೋಗಲಿ, ಇಲ್ಲಾಂದ್ರ ಒಲಿ ಮುಂದ ಕೂಡಲಿ" ಎಂದಿದ್ದ. ಹುಡುಗಿ ಕತ್ತರಿ ತಂದಳು. ಅಜ್ಜಿಯ ಹಳೆಯ ಬುರ್ಖಾ ಕತ್ತರಿಸಿ ತನ್ನ ಅಳತೆಗೆ ಹೊಲಿದುಕೊಂಡಳು. ತರಗತಿಗೆ ಹೋದಕೂಡಲೇ ಅದನ್ನು ಗೂಟಕ್ಕೆ ಹಾಕುತ್ತಿದ್ದಳು, ಬರುವಾಗ ಮತ್ತೆ ತೊಡುತ್ತಿದ್ದಳು. ಅಕ್ಷರದ ಹುಚ್ಚು ಎಷ್ಟೆಂದರೆ, ಬೆಲ್ಲ ಕಟ್ಟಿಕೊಂಡು ಬಂದ ಕಾಗದವನ್ನೂ ಓದದೆ ಬಿಡುತ್ತಿರಲಿಲ್ಲ.

ಆ ಶಾಲೆ ಇನಾಮದಾರ ಮಾನಾಜಿರಾಯರದು. ಅವರೇ ಕಟ್ಟಿಸಿದ್ದು, ಅವರದೇ ದರ್ಬಾರು. ಆ ವರ್ಷ ಮುಧೋಳ ಸಂಸ್ಥಾನದಲ್ಲಿ ಪ್ರಜಾಸಭೆಗೆ ಚುನಾವಣೆ ಎಂದಾಯಿತು. ರಾಯರಿಗೆ ನಿಲ್ಲುವ ಆಸೆ, ನಿಂತರೆ ಸುಧಾರಕ ಎನ್ನಿಸಿಕೊಳ್ಳುವ ಆಸೆ. ಸುಧಾರಿಸಲು ತಮ್ಮ ಮನೆಯೇ ಬೇಕಾದಷ್ಟಿತ್ತು. ಆದರೆ ಕಣ್ಣಿಗೆ ಬಿದ್ದದ್ದು ನಮ್ಮ ಕರಿ ಬಟ್ಟೆ. ಬುರ್ಖಾ ಹಾಕಿದವರಿಗೆ ಶಾಲೆಯ ಬಾಗಿಲಿಲ್ಲ ಎಂದು ಹಲಗೆ ತೂಗುಹಾಕಿಸಿದರು. ಮರುದಿನ ಬೆಳಿಗ್ಗೆ ಬೆಳಗಾವಿಯ ಫೋಟೋದವನನ್ನು ಕರೆಸಿ ಬಾಗಿಲಲ್ಲೇ ನಿಂತರು. ಬಿಬಿಜಾನ್‌ಗೆ ಹಲಗೆಯ ಸುದ್ದಿ ಗೊತ್ತಿರಲಿಲ್ಲ. ಅವಳು ಹತ್ತಿರ ಬಂದಕೂಡಲೇ ರಾಯರು ತಮ್ಮ ಕೈಯಾರೆ ಅವಳ ಮುಸುಕು ಎಳೆದರು.

ಫೋಟೋ ಅವರದೇ ವಾರಪತ್ರಿಕೆಯಲ್ಲಿ ಬಂತು. ಪೇಟೆಯ ತುಂಬ ಗಂಡಸರು ನೋಡುತ್ತಿದ್ದಾರೆ, ನನ್ನ ಮಗಳು ಬಾಯಿ ತೆರೆದು ಅಳುತ್ತಿದ್ದಾಳೆ. ಕೆಳಗೆ ಹೀಗೆ ಅಚ್ಚಾಗಿತ್ತು: 'ಕತ್ತಲೆಯಿಂದ ಬೆಳಕಿಗೆ ಬಂದ ಮುಸಲ್ಮಾನ ಬಾಲೆಯ ಆನಂದಬಾಷ್ಪ'.

ಭಾವ ಶಾಲೆ ಬಿಡಿಸಿದ. ಬಿಬಿಜಾನ್ ಗೋಡೆಗೆ ಮುಖ ಮಾಡಿ ಕೂತಳು. ಉಣ್ಣು ಎಂದರೆ ಉಣ್ಣುತ್ತಿದ್ದಳು, ಮಾತಿಲ್ಲ. ಬೆಲ್ಲದ ಕಾಗದ ಮುಂದಿಟ್ಟರೆ ಮಡಚಿ ಒಲೆಗೆ ಹಾಕುತ್ತಿದ್ದಳು. ಅದನ್ನು ನೋಡಿದ ದಿನವೇ ನಾನು ಆ ಹರಕೆ ಹೊತ್ತದ್ದು.

ಈಗ ರಾಯರ ಮನೆಯ ಸುದ್ದಿ ಕೇಳಿ. ಆ ವಾಡೆಯ ಹೆಂಗಸರಿಗೆ ಗೋಷಾ, ಪರಗಂಡಸರ ಕಣ್ಣಿಗೆ ಬೀಳುವಂತಿಲ್ಲ. ರಾಯರ ಹೆಂಡತಿ ಉಮಾಬಾಯಿಯ ಮುಖವನ್ನು ಊರಿನ ಒಂದು ನರಪಿಳ್ಳೆಯೂ ಕಂಡಿರಲಿಲ್ಲ. ಹೊರಗೆ ಹೊರಟರೆ ಸುತ್ತಲೂ ಪರದೆ ಕಟ್ಟಿದ ಬಂಡಿ. ಊರಿಗೆ ಬೆಳಕು ಹಂಚುವವರ ಮನೆಯ ಹೆಂಗಸಿಗೆ ಕಿಡಕಿಯೂ ಇಲ್ಲ. ಹೊರಗಿನವರಲ್ಲಿ ಒಳಗೆ ಹೋಗಲು ಅಪ್ಪಣೆಯಿದ್ದದ್ದು ನನಗೊಬ್ಬಳಿಗೆ, ಯಾಕೆಂದರೆ ಅಲ್ಲಿ ಬಳೆ ತೊಡಿಸಲು ಹೆಂಗಸೇ ಬೇಕು.

ಹಸಿರು ಬಳೆ ತುಂಬಿಕೊಂಡು ಹೋದೆ. ಏನಾದರೂ ಸುಳ್ಳು ಹೇಳಿ ಆಕೆಯನ್ನು ಹೊರಗೆಳೆಯಬೇಕೆಂದೇ ಹೋದದ್ದು. ಆಕೆಯ ಮೇಲೆ ನನಗೆ ಹಗೆಯಿರಲಿಲ್ಲ, ಆದರೆ ಕನಿಕರವೂ ಇರಲಿಲ್ಲ. ಬಳೆ ಏರಿಸುತ್ತಿರುವಾಗ ಉಮಾಬಾಯಿಯೇ ಹಾಸಿಗೆಯ ಕೆಳಗಿಂದ ಆ ಪತ್ರಿಕೆ ತೆಗೆದಳು.

"ಈ ಹುಡುಗಿ ನಿನ್ನ ಮಗಳಂತ. ಹೆಂಗದಾಳ?"

"ಗ್ವಾಡಿ ನೋಡಕೋತ ಕುಂತಾಳ್ರಿ."

ಆಕೆ ಪತ್ರಿಕೆ ಮಡಚಿ ಮತ್ತೆ ಹಾಸಿಗೆಯ ಕೆಳಗಿಟ್ಟಳು. ಆಮೇಲೆ ಅಂದಳು, "ನಮ್ಮಪ್ಪ ತೇರದಾಳದಾಗ ತೀರಿಕೊಂಡಾಗ ಪರದೆ ಬಂಡಿಯ ಗಾಲಿ ಮುರದಿತ್ತು. ಬಯಲ ಬಂಡ್ಯಾಗ ಹೋಗತೀನಿ ಅಂದ್ನಿ. ಮನೆತನದ ಮಾನ ಹೋಗತೈತಿ ಅಂತ ಇವರು ಬಿಡಲಿಲ್ಲ. ನಮ್ಮಪ್ಪನ ಮಣ್ಣಿಗೆ ನಾ ಹೋಗಲಿಲ್ಲ, ಜೈತುನಬಿ. ಈಗ ಈ ಮನಶ್ಯಾ ಮಂದಿ ಮಕ್ಕಳ ಮುಸುಕು ಎಳಿಯಾಕತ್ತಾನ."

ಹೆಂಡತಿ ಗಂಡನನ್ನು ಮನಶ್ಯಾ ಅಂದದ್ದು ಕೇಳಿ ನನ್ನ ಕೈ ನಿಂತಿತು. ನಾನು ತಂದಿದ್ದ ಸುಳ್ಳು ಬೇಕಾಗಲೇ ಇಲ್ಲ.

"ಬರೂ ಸಂತಿ ದಿನ ಸಭಾ ಐತ್ರಿ" ಎಂದೆ. "ಬುರ್ಖಾದಾಕಿ ಯಾರರೆ ವೇದಿಕಿಗೆ ಬಂದ್ರ, ಸಾಹೇಬ್ರು ತಾವ ಮುಸುಕು ತಗೀತಾರಂತ."

"ನಿನ್ನ ಮಗಳ ಬುರ್ಖಾ ನನಗ ಹಿಡೀತೈತೇನು?"

"ಅತ್ತೀದು ಇನ್ನೊಂದೈತ್ರಿ."

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಾಗೇ ಹೇಳುವಂತಿಲ್ಲ, ಪ್ರಾಸದ ಸಾಲಿನಲ್ಲಿ ಹೆಸರು ಹೊಸೆದು ಒಡಪು ಕಟ್ಟಿ ಹೇಳಿದರೆ ದೋಷವಿಲ್ಲ. ಒಡಪು ಹೇಳಿಸದೆ ಕಡೆಯ ಬಳೆ ನಾನು ಯಾರಿಗೂ ತೊಡಿಸುವುದಿಲ್ಲ. ಅವತ್ತು ಉಮಾಬಾಯಿ ಬಾಯಿ ತೆರೆಯಹೋದಾಗ ತಡೆದೆ. "ಈಗ ಬ್ಯಾಡ್ರಿ ಬಾಯಿಸಾಹೇಬ್ರ. ಕಡೀ ಬಳಿ ನನ್ನ ಕಡೆ ಇರಲಿ. ಒಡಪು ಅಲ್ಲೇ ಹೇಳೀರಂತ."

ಸಂತೆಯ ದಿನ ಬಳೆಗಾರ್ತಿಯ ಹಿಂದೆ ಬುರ್ಖಾದ ಹೆಂಗಸೊಬ್ಬಳು ಹಿತ್ತಲ ಬಾಗಿಲಿನಿಂದ ಹೊರಬಿದ್ದಳು. ವಾಡೆಯ ಕಾವಲುಗಾರ ಎಲೆ ಅಡಿಕೆ ಜಗಿಯುತ್ತ ನೋಡಿದ, ಏನೂ ಕೇಳಲಿಲ್ಲ. ಬುರ್ಖಾದೊಳಗೆ ತಮ್ಮವರೂ ಇರಬಹುದು ಎಂದು ವಾಡೆಯವರಿಗೆ ಹೊಳೆಯುವುದೇ ಇಲ್ಲ.

ಮೈದಾನದಲ್ಲಿ ಜನ ತುಂಬಿತ್ತು. ಬೆಳಗಾವಿ ಪತ್ರಿಕೆಯವರೂ ಬಂದಿದ್ದರು. ಫೋಟೋದವನು ಪೆಟ್ಟಿಗೆಯ ಹಿಂದೆ ಕರಿ ಬಟ್ಟೆಯೊಳಗೆ ತಲೆ ಹುಗಿದು ನಿಂತಿದ್ದ. ಅವನನ್ನು ಬೆಳಕಿಗೆ ತರಬೇಕೆಂದು ಯಾರಿಗೂ ಅನ್ನಿಸಲಿಲ್ಲ. ರಾಯರು ಭಾಷಣ ಬಿಗಿದು, "ಬರ್ರಿ ತಾಯಿ, ಅಂಜಬ್ಯಾಡ್ರಿ" ಎಂದು ಕರೆದರು. ಉಮಾಬಾಯಿ ಮೆಟ್ಟಿಲು ಹತ್ತಿದಳು. ಬುರ್ಖಾದಿಂದ ಮುಂಗೈ ಕಾಣುತ್ತಿತ್ತು, ನಾನೇ ತೊಡಿಸಿದ ಹಸಿರು ಬಳೆಗಳೂ ಕಾಣುತ್ತಿದ್ದವು. ಇಷ್ಟು ವರ್ಷ ಆ ಕೈಯಿಂದ ಉಂಡ ಗಂಡಸಿಗೆ ಗುರುತು ಹತ್ತಲಿಲ್ಲ.

ಎಳೆದರು. ಫೋಟೋ ತೆಗೆದದ್ದೂ ಆಯಿತು.

ಕುಂಕುಮ, ಮೂಗಿನಲ್ಲಿ ನತ್ತು. ಜನಕ್ಕೆ ಯಾರೆಂದು ತಿಳಿಯಲಿಲ್ಲ, ಯಾರೂ ಕಂಡ ಮುಖವಲ್ಲವಲ್ಲ. ತಿಳಿದದ್ದು ಒಬ್ಬರಿಗೇ. ರಾಯರ ಮುಖದ ರಕ್ತ ಇಳಿದದ್ದನ್ನು ನಾನು ವೇದಿಕೆಯ ಬುಡದಲ್ಲಿ ನಿಂತು ಕಣ್ಣು ತುಂಬ ನೋಡಿದೆ.

"ಯಾರ್ರಿ ಈಕಿ?" ಪತ್ರಿಕೆಯವನು ಕೇಳಿದ.

"ಯಾರೋ... ಮುಸಲ್ಮಾನರ ಬಡವಿ" ಎಂದರು ರಾಯರು. ಕೈ ಹಿಡಿದವಳನ್ನು ಊರ ಮುಂದೆ ಯಾರೋ ಎಂದುಬಿಟ್ಟರು.

"ಕುಂಕುಮ ಐತಲ್ರಿ. ಯಾರ ಹೆಂಡ್ತಿ ಅಂತ ಬರೀಲಿ?"

ನಾನು ಬಳೆ ಎತ್ತಿ ಹಿಡಿದೆ. "ಹೆಣಮಗಳು ಗಂಡನ ಹೆಸರು ಹಂಗ ಹೇಳೂದಿಲ್ರಿ. ಕಡೀ ಬಳಿ ಉಳದೈತಿ, ಒಡಪು ಹೇಳಲಿ."

ಹೆಂಗಸರ ಗುಂಪಿಗೆ ಇಷ್ಟು ಸಾಕು. "ಒಡಪು ಹೇಳವ್ವಾ, ನಾಚಬ್ಯಾಡ" ಎಂದು ನಾಲ್ಕೂ ಕಡೆಯಿಂದ ಶುರುವಾಯಿತು. ಉಮಾಬಾಯಿ ಕೈ ಮುಂದೆ ಚಾಚಿ, ನಿಧಾನವಾಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಮಂದಿ ಮಕ್ಕಳ ಮಾರಿ ಪೇಪರಿನ್ಯಾಗ ಅಚ್ಚು,
ಮನಿಯ ಹೆಣ್ಣಿಗೆ ಮಾತ್ರ ಹಗಲೆಲ್ಲಾ ಬಾಗಿಲ ಮುಚ್ಚು,
ಇನಾಮದಾರ ಮಾನಾಜಿರಾಯರಂದ್ರ ನನಗ ಭಾಳ ಮೆಚ್ಚು."

ಮೊದಲು ಒಬ್ಬ ಮುದುಕಿ ನಕ್ಕಳು. ಆಮೇಲೆ ಇಡೀ ಮೈದಾನ ನಕ್ಕಿತು. ನಾನು ಮೇಲೆ ಹತ್ತಿ ಕಡೆಯ ಬಳೆ ತೊಡಿಸಿದೆ. ರಾಯರು ನನ್ನ ಕಿವಿಯ ಹತ್ತಿರ ಬಗ್ಗಿದರು. ಕಣ್ಣಲ್ಲಿ ನೀರಾಡುತ್ತಿತ್ತು.

"ಫೋಟೋ ಅಚ್ಚ ಹಾಕಬ್ಯಾಡಂತ ಹೇಳ, ಜೈತುನಬಿ. ಹೆಣ್ಣಿನ ಮಾನದ ಮಾತು."

"ನನ್ನ ಮಗಳೂ ಹೆಣ್ಣ ಇದ್ಳರಿ" ಎಂದೆ. ಪತ್ರಿಕೆಯವನ ಕಡೆ ತಿರುಗಿ ಹೇಳಿದೆ, "ಸಾಹೇಬ್ರ ಕಣ್ಣಾಗ ನೀರು ನೋಡ್ರಿ. ಅದನ್ನೂ ಹಿಡೀರಿ. ಆನಂದಬಾಷ್ಪ ಅಂತ ಬರೀರಿ."

ಉಮಾಬಾಯಿ ಅವತ್ತು ವಾಡೆಗೆ ಹೋಗಲಿಲ್ಲ. ಬಯಲ ಬಂಡಿಯಲ್ಲಿ, ಬಿಸಿಲಿಗೆ ಮುಖ ಕೊಟ್ಟು ತವರೂರು ತೇರದಾಳಕ್ಕೆ ಹೋದಳು. ರಾಯರು ಚುನಾವಣೆಗೆ ನಿಲ್ಲಲಿಲ್ಲ. ಶಾಲೆಯ ಹಲಗೆ ಯಾರೂ ಹೇಳದೆ ಕೆಳಗಿಳಿಯಿತು.

ಬೆಳಗಾವಿಯ ಪತ್ರಿಕೆ ಬಂದ ದಿನ ಅದರಲ್ಲಿ ಬೆಲ್ಲ ಕಟ್ಟಿಸಿಕೊಂಡು ಬಂದು ಬಿಬಿಜಾನ್ ಮುಂದೆ ಇಟ್ಟೆ. ಅವಳು ಮಡಚಲು ಹೋದವಳು ಚಿತ್ರ ನೋಡಿ ನಿಂತಳು. ಬೆಲ್ಲ ಪಕ್ಕಕ್ಕಿಟ್ಟು ಕಾಗದ ಸರಿಮಾಡಿದಳು. ಎಷ್ಟೋ ದಿನಗಳ ಮೇಲೆ ಅವಳ ದನಿ ಕೇಳಿದೆ, ಒಂದೊಂದೇ ಪದ, ನಿಧಾನವಾಗಿ: "ಇನಾಮದಾರರ... ಆನಂದಬಾಷ್ಪ."

ಇನ್ನೊಮ್ಮೆ ಓದು ಎಂದೆ. ಓದಿದಳು. ಮತ್ತೊಮ್ಮೆ ಓದಿಸಿದೆ. ಆಮೇಲೆ ಅವಳು ಎದ್ದು ಗೂಟದ ಮೇಲಿನ ಬುರ್ಖಾ ಜಾಡಿಸಿದಳು.

"ಬಡೇಅಬ್ಬಾಗ ಹೇಳಮ್ಮಾ" ಎಂದಳು, "ನಾಳಿಂದ ಸಾಲಿಗೆ ಹೋಗತೀನಿ."