ಬಾರದವನ ಪಾಲು

ಈಗ ನಮ್ಮ ಮನೆಯಲ್ಲಿ ಫೂಲ್, ಅಂದರೆ ಅವರೆಯಂಥ ದಪ್ಪ ಕಾಳು, ಬೇಯುವುದು ಕರೆಂಟಿನ ಗಡಿಗೆಯಲ್ಲಿ. ನೆನೆದ ಕಾಳು, ನೀರು, ಒಂದು ಹಿಡಿ ಕೆಂಪು ಬೇಳೆ ಹಾಕಿ ಗುಂಡಿ ಒತ್ತಿ ಮಲಗಿದರೆ, ಬೆಳಿಗ್ಗೆ ಮೊಮ್ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೆ ಬೆಣ್ಣೆಯಂತೆ ಬೆಂದಿರುತ್ತದೆ. ಈ ಸುಖ ನನ್ನ ಅಜ್ಜಿ ನಬವಿಯ್ಯಾಳಿಗೆ ಇರಲಿಲ್ಲ. ಇದ್ದಿದ್ದರೂ ಒಪ್ಪುತ್ತಿರಲಿಲ್ಲ. ಉರಿಯನ್ನು ಕಣ್ಣಾರೆ ನೋಡದೆ ಕಾಳು ಬೇಯಿಸುವುದೆಂದರೆ ಮುಖ ನೋಡದೆ ಸೊಸೆ ತಂದ ಹಾಗೆ ಎಂದು ಮೂಗು ಮುರಿಯುತ್ತಿದ್ದಳು.

ಅವಳದು ತಾಮ್ರದ ಗಡಿಗೆ. ಹೊಟ್ಟೆ ದೊಡ್ಡದು, ಕತ್ತು ಸಣ್ಣದು, ಹೊರಗೆಲ್ಲ ಮಸಿ, ಒಳಗೆ ಕಲಾಯಿ. ಸೂಯೆಜ್‌ನ ನಮ್ಮ ಮನೆಯಲ್ಲಿ ಅದು ಪ್ರತಿ ರಾತ್ರಿ ಬತ್ತಿ ಸ್ಟವ್ವಿನ ಮೇಲೆ ಕೂರುತ್ತಿತ್ತು. ಕಾಲುವೆಯ ಆಚೆ ದಡದಿಂದ ಇಸ್ರೇಲಿನ ಗುಂಡುಗಳು ಬೀಳತೊಡಗಿ, ೧೯೬೯ರಲ್ಲಿ ಊರನ್ನೇ ಖಾಲಿ ಮಾಡಿಸಿದಾಗ ನನಗೆ ಒಂಬತ್ತು ವರ್ಷ. ಅಪ್ಪ ರಿಜ಼್ಕ್ ನೀರಿನ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದ. ಸೈನಿಕರಿಗೂ ಉಳಿದವರಿಗೂ ನೀರು ಬೇಕಲ್ಲ, ಹಾಗಾಗಿ ಅವನು ಅಲ್ಲೇ ಉಳಿದ. ಅಜ್ಜಿ, ಅಮ್ಮ ತಫೀದಾ ಮತ್ತು ನಾನು ಸರ್ಕಾರದ ಲಾರಿ ಹತ್ತಿದೆವು. ಲಾರಿ ತುಂಬಿ ತುಳುಕುತ್ತಿತ್ತು. ಅಮ್ಮನ ಹೊಲಿಗೆ ಮಷೀನಿಗೆ ಜಾಗವಿಲ್ಲವೆಂದು ಡ್ರೈವರ್ ಅದನ್ನು ಕೆಳಗಿಳಿಸಿದ. ಅಜ್ಜಿ ಮಾತ್ರ ಗಡಿಗೆಯನ್ನು ತೊಡೆಯ ಮೇಲೆ ಮಗುವಿನ ಹಾಗೆ ಕೂರಿಸಿಕೊಂಡಿದ್ದಳು.

"ಮಷೀನಿದ್ದಿದ್ರೆ ಅಲ್ಲಿ ಏನಾದ್ರೂ ಕೆಲಸ ಸಿಗ್ತಿತ್ತು ಅತ್ತೆ," ಎಂದಳು ಅಮ್ಮ. "ಆ ಗಡಿಗೆ ಏನು, ಬಟ್ಟೆ ಹೊಲಿಯುತ್ತಾ?"

"ಹೊಟ್ಟೆಗಿಲ್ಲದವರು ಯಾವ ಬಟ್ಟೆ ಹಾಕ್ಕೊಂಡು ಯಾರಿಗೆ ತೋರಿಸ್ಬೇಕಾಗಿದೆ?" ಎಂದಳು ಅಜ್ಜಿ.

ಜ಼ಗಾಜ಼ೀಗ್ ಪಟ್ಟಣದ ಹತ್ತಿ ಗೋದಾಮೊಂದರಲ್ಲಿ ನಮ್ಮನ್ನು ಇಳಿಸಿದರು. ನಾಲ್ಕು ಸಂಸಾರಗಳ ನಡುವೆ ಗೋಣಿತಟ್ಟಿನ ಗೋಡೆಗಳು. ನಮ್ಮ ಪಕ್ಕದ ಗೋಣಿಯಾಚೆ ಇಸ್ಮಾಯಿಲಿಯಾದಿಂದ ಬಂದಿದ್ದ ಉಮ್ ಶಿಹಾತಾ, ಅಂದರೆ ಶಿಹಾತಾನ ತಾಯಿ. ಗಂಡ ಸತ್ತು ಎಷ್ಟೋ ವರ್ಷವಾಗಿತ್ತು. ಶಿಹಾತಾ ಅರವತ್ತೇಳರ ಯುದ್ಧಕ್ಕೆಂದು ಸಿನಾಯ್‌ಗೆ ಹೋದವನು ಹಿಂದಿರುಗಿರಲಿಲ್ಲ; ಸತ್ತನೆಂದು ಯಾರೂ ಕಾಗದ ಕಳಿಸಿರಲೂ ಇಲ್ಲ. ಜೊತೆಗೆ ಇದ್ದವಳು ಮಗಳು ಬಹೀಗಾ ಒಬ್ಬಳೇ. ಉಮ್ ಶಿಹಾತಾಳ ಬಾಯಿ ಎಂಥದ್ದೆಂದರೆ, ಅವಳು ಗೋದಾಮಿನ ಈ ತುದಿಯಲ್ಲಿ ಪಿಸುಗುಟ್ಟಿದರೆ ಆ ತುದಿಯಲ್ಲಿ ಮಲಗಿದ ಮಗು ಏಳುತ್ತಿತ್ತು.

ವಿಮಾನದ ಭಯಕ್ಕೆ ಕತ್ತಲಾದ ಮೇಲೆ ದೀಪವಾಗಲಿ ಒಲೆಯಾಗಲಿ ಉರಿಸುವಂತಿರಲಿಲ್ಲ. ಕಾವಲುಗಾರ ಬಾಗಿಲು ಬಡಿದು ನೋಡಿಕೊಂಡು ಹೋಗುತ್ತಿದ್ದ. ಹೀಗಾಗಿ ಅಜ್ಜಿಯ ಗಡಿಗೆ ಬೆಳಗಿನ ನಮಾಜಾದೊಡನೆ ಒಲೆ ಏರಿ, ಸಂಜೆಗೆ ಇಳಿಯತೊಡಗಿತು. "ಬೆಳಗಿನ ತಿಂಡೀನ ಸಂಜೆ ತಿನ್ನೋ ಕಾಲ ಬಂತು," ಎಂದು ಅವಳು ದಿನವೂ ಕೊರಗುತ್ತಿದ್ದಳು. ಯುದ್ಧದ ಬಗ್ಗೆ ಅವಳ ಬಾಯಿಂದ ಬೇರೆ ದೂರು ನಾನು ಕೇಳಲಿಲ್ಲ.

ಒಂದು ವಾರವೂ ಆಗಿರಲಿಲ್ಲ, ಉಮ್ ಶಿಹಾತಾ ಗೋಣಿ ಸರಿಸಿ ಒಳಗೆ ಬಂದಳು. "ಹಾಗ್ಗಾ, ನಿಮ್ಮ ಗಡಿಗೆ ಬೆಳಿಗ್ಗೆಯಿಂದ ಗೊಣಗ್ತಾನೇ ಇದೆ. ನನ್ನ ಬಟ್ಟೆಗೆಲ್ಲ ಸೀಮೆಎಣ್ಣೆ ನಾತ." ಅಜ್ಜಿ ಹಜ್ ಯಾತ್ರೆಗೆ ಹೋದವಳಲ್ಲ, ವಯಸ್ಸಿಗೆ ಮರ್ಯಾದೆ ಕೊಟ್ಟು ಎಲ್ಲರೂ ಹಾಗೆ ಕರೆಯುತ್ತಿದ್ದರು.

"ಅದು ಸಂಜೆಗಾದ್ರೂ ಸುಮ್ಮನಾಗುತ್ತಲ್ಲ ತಾಯಿ," ಎಂದಳು ಅಜ್ಜಿ. "ನಿನ್ನ ಬಾಯಿ?"

ಅವರಿಬ್ಬರ ಜಗಳ ತಿಂಗಳುಗಟ್ಟಲೆ ನಡೆಯಿತು. ಅದನ್ನು ನಿಲ್ಲಿಸಿದ್ದು ಸೀಮೆಎಣ್ಣೆಯೇ. ಚೀಟಿಗೆ ಸಿಗುವ ಎಣ್ಣೆ ಯಾರಿಗೂ ಸಾಲುತ್ತಿರಲಿಲ್ಲ. ಚಳಿಗಾಲದ ನಡುವೆ ಒಂದು ದಿನ ನಾಲ್ಕೂ ಸಂಸಾರಗಳ ಮಕ್ಕಳು ಒಣ ರೊಟ್ಟಿ, ಈರುಳ್ಳಿ ತಿಂದು ಮಲಗಿದರು. ಮರುದಿನ ಅಜ್ಜಿ ಗಡಿಗೆಯನ್ನು ಗೋದಾಮಿನ ನಟ್ಟನಡುವೆ ತಂದಿಟ್ಟಳು. "ನಾಲ್ಕು ಒಲೆ ಯಾಕೆ? ನಾಲ್ಕು ಮನೆ ಕಾಳು ಇದಕ್ಕೇ ಸುರೀರಿ, ಒಂದೇ ಬತ್ತಿ ಸಾಕು. ಇದು ಹದಿನೆಂಟು ಜನಕ್ಕೆ ಬೇಯಿಸೋ ಗಡಿಗೆ," ಎಂದಳು. ಮೊದಲು ಕಾಳು ತಂದು ಸುರಿದವಳು ಅಮ್ಮ. ಕೊನೆಯವಳು ಉಮ್ ಶಿಹಾತಾ, ಸುರಿಯುವಾಗಲೂ, "ನಮ್ಮ ಕಾಳು ದಪ್ಪ, ನಿಮ್ಮದು ಸಣ್ಣ. ಬಡಿಸುವಾಗ ನನಗೆ ಗೊತ್ತಾಗುತ್ತೆ," ಎಂದಳು.

ಅಂದಿನಿಂದ ನಮ್ಮ ದಿನಗಳು ಆ ಗಡಿಗೆಯ ಸುತ್ತ ಸಾಗಿದವು. ಮುಚ್ಚಳದ ಅಂಚಿಗೆ ಒದ್ದೆ ಬಟ್ಟೆ ಸುತ್ತುವುದು, ಬತ್ತಿಯನ್ನು ಉಗುರಿನಷ್ಟೇ ಏರಿಸುವುದು, ನೀರು ಬತ್ತಿದರೆ ಕುದಿಯುವ ನೀರನ್ನೇ ಸೇರಿಸುವುದು. ತಣ್ಣೀರು ಬಿದ್ದರೆ ಕಾಳು ಕಪ್ಪಾಗಿ ಕಲ್ಲಾಗುತ್ತದೆಂದು ಅಜ್ಜಿ ಎಲ್ಲರನ್ನೂ ಹೆದರಿಸಿಟ್ಟಿದ್ದಳು. ಸಂಜೆ ಮುಚ್ಚಳ ತೆಗೆದಾಗ ಏಳುವ ಆ ಹಬೆ, ಜೀರಿಗೆ, ನಿಂಬೆ, ಮೇಲೆ ಸುರಿಯುವ ಅಗಸೆ ಎಣ್ಣೆಯ ಒಗರು ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿವೆ. ಮನೆ ಕಳೆದುಕೊಂಡ ವರ್ಷಗಳನ್ನು ನೆನೆದರೆ ನನಗೆ ಮೊದಲು ಹಸಿವಾಗುತ್ತದೆ. ಹೇಳಿಕೊಳ್ಳಲು ನಾಚಿಕೆ, ಆದರೆ ನಿಜ.

ಅಪ್ಪ ಎರಡು ವಾರಕ್ಕೊಮ್ಮೆ ಗುರುವಾರ ಬರುತ್ತಿದ್ದ. ಹಾಗೇ ನಾಲ್ಕು ವರ್ಷ ಕಳೆದವು. ಎಪ್ಪತ್ತಮೂರರ ಅಕ್ಟೋಬರಿನಲ್ಲಿ ಯುದ್ಧ ಶುರುವಾಯಿತು. ನಮ್ಮವರು ಕಾಲುವೆ ದಾಟಿದರೆಂದು ರೇಡಿಯೋ ಹೇಳಿದ ದಿನ ಗೋದಾಮಿನಲ್ಲಿ ಹೆಂಗಸರು ಕುಣಿದರು. ಇಪ್ಪತ್ತು ದಿನ ಕಳೆಯುವಷ್ಟರಲ್ಲಿ ಇಸ್ರೇಲಿನ ಸೈನ್ಯ ಸೂಯೆಜ್ ಊರನ್ನು ಸುತ್ತುವರಿಯಿತು. ಬಸ್ಸಿಲ್ಲ, ಕಾಗದವಿಲ್ಲ, ಫೋನಿಲ್ಲ. ಅಪ್ಪ ಒಳಗೆ ಸಿಕ್ಕಿಕೊಂಡ.

ಅವನು ಬರಬೇಕಿದ್ದ ಗುರುವಾರ ಅಜ್ಜಿ ಎಂದಿನಂತೆ ಅವನ ಬಟ್ಟಲಿಗೂ ಬಡಿಸಿದಳು. ಎಲ್ಲರೂ ಉಂಡೆವು. ಆ ಬಟ್ಟಲು ಹಾಗೇ ಇತ್ತು. ಅಮ್ಮ ಅದರ ಮೇಲೆ ತಟ್ಟೆ ಮುಚ್ಚಲು ಕೈ ಚಾಚಿದಳು.

ಉಮ್ ಶಿಹಾತಾ ಅವಳ ಕೈ ಹಿಡಿದುಕೊಂಡಳು. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಮುಚ್ಚಿಡಬೇಡ ತಫೀದಾ. ನನ್ನ ಮಗನಿಗೆ ಅಂತ ನಾನು ವರ್ಷಗಟ್ಟಲೆ ಮುಚ್ಚಿಟ್ಟೆ. ಬೆಳಿಗ್ಗೆ ನೋಡಿದ್ರೆ ಹುಳಿ ಬಂದಿರುತ್ತೆ. ಎಸೆಯೋಕೆ ಮನಸ್ಸು ಬರಲ್ಲ ಕಣಮ್ಮ. ಇಲ್ಲಿ ಕೊಡು."

ಅಜ್ಜಿ ಅವಳನ್ನೇ ನೋಡಿದಳು. "ಅವನ ಪಾಲು ಅದು," ಎಂದಳು.

"ಅವನ ಪಾಲೇ. ಅವನು ಬರೋ ತನಕ ಅವನ ಹೊಟ್ಟೆ ನಾನು ಹೊತ್ಕೊಂಡಿರ್ತೀನಿ. ಬಂದ್ಮೇಲೆ ವಾಪಸ್ ಕೊಡ್ತೀನಿ."

ಅಜ್ಜಿ ಬಟ್ಟಲನ್ನು ಅವಳ ಮುಂದೆ ಸರಿಸಿದಳು. ಉಮ್ ಶಿಹಾತಾ ಒಂದು ಕಾಳೂ ಬಿಡದೆ ತಿಂದು, ರೊಟ್ಟಿಯಿಂದ ಬಟ್ಟಲು ಒರೆಸಿದಳು.

ಆಮೇಲೆ ಅದೇ ರೂಢಿಯಾಯಿತು. ದಿನವೂ ಅಪ್ಪನ ಪಾಲು ಬಡಿಸುವುದು, ದಿನಕ್ಕೊಬ್ಬರು ಅದನ್ನು ತಿನ್ನುವುದು. ಒಂದು ದಿನ ಕಾವಲುಗಾರನನ್ನೂ ಕೂರಿಸಿ ತಿನ್ನಿಸಿದರು. ಅಮ್ಮ ಮಾತ್ರ ಆ ಬಟ್ಟಲನ್ನು ಮುಟ್ಟುತ್ತಿರಲಿಲ್ಲ. ಅವಳು ತನ್ನ ಪಾಲನ್ನೇ ಸರಿಯಾಗಿ ತಿನ್ನುತ್ತಿರಲಿಲ್ಲ. ಗೋಡೆಗೊರಗಿ ರೇಡಿಯೋ ಕಿವಿಗಿಟ್ಟುಕೊಂಡಿರುತ್ತಿದ್ದಳು. ಸುಮಾರು ಎರಡು ತಿಂಗಳಾದ ಮೇಲೆ ಒಂದು ಸಂಜೆ ಅಜ್ಜಿ ಬಟ್ಟಲು ತಂದು ಅವಳ ಮಡಿಲಲ್ಲಿಟ್ಟಳು.

"ಇವತ್ತು ನಿನ್ನ ಸರದಿ."

"ನನ್ನಿಂದಾಗಲ್ಲ ಅತ್ತೆ."

"ಅವನು ಬಂದಾಗ ಕಡ್ಡಿ ಹಾಗಿರೋ ಹೆಂಡ್ತೀನ ತೋರಿಸಿ ಏನಂತ ಹೇಳ್ಲಿ? ನಾನು ಸೊಸೇನ ಸರಿಯಾಗಿ ನೋಡ್ಕೊಳ್ಳಲಿಲ್ಲ ಅಂತಾನೆ. ತಿನ್ನು ಮಗಳೇ."

ಅಜ್ಜಿ ಅವಳನ್ನು ಮಗಳೇ ಎಂದು ಕರೆದದ್ದು ಆಗಲೇ ಮೊದಲು. ಅಮ್ಮ ಅಳುತ್ತಲೇ ತಿಂದಳು. ಬಹೀಗಾ ಇನ್ನೊಂದು ರೊಟ್ಟಿ ತಂದು ಪಕ್ಕಕ್ಕಿಟ್ಟಳು.

ಮುತ್ತಿಗೆ ತೆರವಾದ ಮೇಲೆ, ಫೆಬ್ರುವರಿಯ ಒಂದು ಮಧ್ಯಾಹ್ನ, ಬಾಗಿಲಲ್ಲಿ ಗಡ್ಡದ ಮನುಷ್ಯನೊಬ್ಬ ನಿಂತ. ಕೋಟು ಗೂಟಕ್ಕೆ ತೂಗುಹಾಕಿದ ಹಾಗೆ ಮೈಮೇಲೆ ಜೋತಾಡುತ್ತಿತ್ತು. ಯಾರು ಬೇಕಾಗಿತ್ತೆಂದು ನಾನೇ ಕೇಳಿದೆ. "ಇನ್ಸಾಫ್," ಎಂದು ನನ್ನ ಹೆಸರು ಹಿಡಿದು ಕರೆದಾಗ ಅಪ್ಪನೆಂದು ತಿಳಿಯಿತು.

ಅಮ್ಮ ಓಡಿ ಬಂದಳು, ಗೋದಾಮೆಲ್ಲ ಬಂತು. ಅಜ್ಜಿ ಒಲೆಯ ಪಕ್ಕದಿಂದ ಏಳಲಿಲ್ಲ. ಅಪ್ಪನೇ ಹೋಗಿ ಅವಳ ಕೈಗೆ ಮುತ್ತಿಟ್ಟು ಪಕ್ಕದಲ್ಲಿ ಕುಳಿತ.

"ಅಮ್ಮಾ, ಕಾಳು ಬೆಂದಿದೆಯಾ?"

ಅಜ್ಜಿ ಗಡಿಗೆಗೆ ಕಿವಿಯಿಟ್ಟು ಕೇಳಿದಳು. "ಇಲ್ಲ. ಇನ್ನೂ ಒಂದು ಗಂಟೆ ಬೇಕು."

"ಹಾಗ್ಗಾ, ನಿಮಗೆ ದೇವರ ಭಯ ಇಲ್ವಾ?" ಎಂದಳು ಉಮ್ ಶಿಹಾತಾ. "ನೂರು ದಿನ ಉಪವಾಸ ಇದ್ದು ಬಂದಿದಾನೆ. ಹೇಗಿದೆಯೋ ಹಾಗೇ ಕೊಡಿ."

"ನೂರು ದಿನ ಇದ್ದವನು ಇನ್ನೊಂದು ಗಂಟೆ ಇರ್ತಾನೆ. ಅರ್ಧ ಬೆಂದ ಕಾಳು ಹಾಕಿ ನನ್ನ ಮಗನ ಹೊಟ್ಟೆ ಕೆಡಿಸ್ಲಾ?"

ಅಪ್ಪ ನಕ್ಕ. ನಗುತ್ತಲೇ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದ. ಅಷ್ಟೂ ಹೊತ್ತು ಅಜ್ಜಿ ಒಂದು ಕೈಯಲ್ಲಿ ಅವನ ತಲೆ ಸವರುತ್ತ, ಇನ್ನೊಂದು ಕೈಯಲ್ಲಿ ಬತ್ತಿ ಸರಿಪಡಿಸುತ್ತ ಕುಳಿತಿದ್ದಳು. ಎದ್ದ ಮೇಲೆ ಅವನು ಮೂರು ಬಟ್ಟಲು ತಿಂದ.

"ನಿನ್ನ ಪಾಲು ತಿಂದೂ ತಿಂದೂ ನನಗೆ ಸೊಂಟ ಬಗ್ಗದ ಹಾಗಾಗಿದೆ ರಿಜ಼್ಕ್," ಎಂದಳು ಉಮ್ ಶಿಹಾತಾ. "ಇವತ್ತಿಂದ ನೀನೇ ತಿನ್ನಪ್ಪ." ಹೇಳಿ ತನ್ನ ಗೋಣಿಯಾಚೆ ಹೋದಳು. ಆ ರಾತ್ರಿ ಅತ್ತ ಕಡೆಯಿಂದ ಒಂದು ಸದ್ದೂ ಬರಲಿಲ್ಲ.

ಮರುವರ್ಷದ ಹೊತ್ತಿಗೆ ಊರಿಗೆ ಮರಳಲು ಅಪ್ಪಣೆ ಸಿಕ್ಕಿತು. ಬಹೀಗಾಳಿಗೆ ಜ಼ಗಾಜ಼ೀಗ್‌ನ ಬಡಗಿಯೊಬ್ಬನ ಜೊತೆ ಮದುವೆಯಾಗಿತ್ತು. ಉಮ್ ಶಿಹಾತಾ ಮಗಳ ಬಳಿಯೇ ಉಳಿಯುವವಳಿದ್ದಳು. ಹೊರಡುವ ಬೆಳಿಗ್ಗೆ ಅಜ್ಜಿ ಗಡಿಗೆಯನ್ನು ಬೂದಿ ಹಚ್ಚಿ ತಿಕ್ಕಿ, ಗೋಣಿಯಾಚೆ ತೆಗೆದುಕೊಂಡು ಹೋದಳು.

"ಕಲಾಯಿ ಹೋಗಿದೆ, ಮಾಡಿಸ್ಕೋ. ತಣ್ಣೀರು ಹಾಕಿದೆ ಅಂತ ಗೊತ್ತಾದ್ರೆ ಸೂಯೆಜ್‌ನಿಂದ ಬಂದು ಬಯ್ತೀನಿ."

"ಬಯ್ಯೋಕಾದ್ರೂ ಬನ್ನಿ ಹಾಗ್ಗಾ," ಎಂದಳು ಉಮ್ ಶಿಹಾತಾ.

ಸೂಯೆಜ್‌ನಲ್ಲಿ ನಮ್ಮ ಮನೆಗೆ ಚಾವಣಿ ಅರ್ಧ ಮಾತ್ರ ಇತ್ತು. ಹಿಂದೆ ಹೊಲಿಗೆ ಮಷೀನು ಇರುತ್ತಿದ್ದ ಕಡೆ ಗೋಡೆಯೇ ಇರಲಿಲ್ಲ. ಮೊದಲ ರಾತ್ರಿ ಬಯಲಲ್ಲೇ ಮಲಗಿದೆವು. ಬೆಳಿಗ್ಗೆ ಅಪ್ಪ ನಮ್ಮನ್ನು ಬೀದಿಯ ಮೂಲೆಗೆ ಕರೆದುಕೊಂಡು ಹೋದ. ಕುಸಿದ ಕಟ್ಟಡದ ಮುಂದೆ ಮುದುಕನೊಬ್ಬ ತಳ್ಳುಗಾಡಿ ನಿಲ್ಲಿಸಿಕೊಂಡು ಫೂಲ್ ಮಾರುತ್ತಿದ್ದ. ಅಜ್ಜಿ ಅರವತ್ತೆಂಟು ವರ್ಷದ ಬಾಳಿನಲ್ಲಿ ಹೊರಗಿನ ಕಾಳು ತಿಂದವಳಲ್ಲ. ತಟ್ಟೆ ಕೈಗೆ ಬಂದಾಗ ಮೂಸಿದಳು. ಒಂದು ಕಾಳನ್ನು ಬೆರಳಲ್ಲಿ ಹಿಸುಕಿ ನೋಡಿದಳು.

"ಎಷ್ಟು ಹೊತ್ತು ಬೇಯಿಸಿದೆಯಪ್ಪಾ?"

"ನಿನ್ನೆ ಸಂಜೆಯಿಂದ, ಹಾಗ್ಗಾ."

ಅವಳು ತಿನ್ನತೊಡಗಿದಳು. ಎಷ್ಟೋ ವರ್ಷಗಳ ಮೇಲೆ ಫೂಲನ್ನು ಬೆಳಿಗ್ಗೆ ತಿನ್ನುತ್ತಿದ್ದೆವು. ಕಾಲುವೆಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಅಮ್ಮ, ಅಪ್ಪ, ನಾನು ಮೂವರೂ ಅವಳ ತೀರ್ಪಿಗೆ ಕಾಯುತ್ತ ನಿಂತಿದ್ದೆವು. ಅವಳು ತಟ್ಟೆ ಖಾಲಿ ಮಾಡಿ, ಅದನ್ನು ಮತ್ತೆ ಮುದುಕನ ಮುಂದೆ ಹಿಡಿದಳು.

"ಇನ್ನೊಂದು ಸೌಟು ಹಾಕು. ಈ ಸಲ ಜೀರಿಗೆಗೆ ಜಿಪುಣತನ ಮಾಡಬೇಡ."