ಮುಚ್ಚಿದ ಡ್ರಮ್ಮು, ಬಿಚ್ಚುವ ಮಾವ

ಮಾವ ಗಡಿಯಾರ ರಿಪೇರಿಯವರು. ಮುಚ್ಚಿದ್ದನ್ನೆಲ್ಲ ಬಿಚ್ಚಿ ನೋಡದಿದ್ದರೆ ಅವರಿಗೆ ತಿಂದದ್ದು ಅರಗದು. ಸೊಸೆಗೆ ಈ ಚಟದ ಆಳ ಗೊತ್ತಾದದ್ದು ಅವಳ ಮೊದಲ ಡ್ರಮ್ಮಿನ ಮೇವು ಹಾಳಾದಾಗ.

ಕೊಟ್ಟಿಗೆಯ ಹಸುವಿಗೆ ಮನೆಮಂದಿ ಇಟ್ಟ ಹೆಸರು ಮೇಡಂ. ಒಣ ಜೋಳದ ದಂಟು ಹಾಕಿದರೆ ಮೂಸಿ ಮುಖ ತಿರುಗಿಸುತ್ತಿತ್ತು, ಹಾಲಿನಲ್ಲೂ ಜಿಪುಣತನ ತೋರಿಸುತ್ತಿತ್ತು. ಪಶುವೈದ್ಯೆ ಸೊಸೆಗೆ ಸೂಕ್ಷ್ಮಜೀವಿಗಳ ಪುಡಿ ಕೊಟ್ಟರು. ದಂಟು ಸಣ್ಣಗೆ ಕತ್ತರಿಸಿ, ಪುಡಿ ಕಲಸಿದ ಬೆಲ್ಲದ ನೀರು ಚಿಮುಕಿಸಿ, ಡ್ರಮ್ಮಿಗೆ ಒತ್ತಿ ತುಂಬಿ, ಗಾಳಿ ಹೋಗದಂತೆ ಮೂರು ವಾರ ಮುಚ್ಚಿಡಬೇಕು.

“ಹುಳ ಬಿಟ್ಟು ಮೇವು ಕೊಡ್ತೀಯೇನಮ್ಮಾ?”

“ಹುಳ ಅಲ್ಲ ಮಾವ, ಕಣ್ಣಿಗೆ ಕಾಣದ ಅಡುಗೆಯವ್ರು. ಗಟ್ಟಿ ದಂಟನ್ನ ಮೆತ್ತಗೆ ಮಾಡ್ತಾರೆ. ಬಾಗ್ಲು ಹಾಕ್ಕೊಂಡೇ ಕೆಲ್ಸ ಮಾಡೋ ಜನ, ಇಣುಕಿದ್ರೆ ಎಲ್ಲಾ ಕೆಟ್ಟೋಗುತ್ತೆ.”

ಮಾವ ದಿನಾ ಇಣುಕಿದರು. ಡ್ರಮ್ಮಿನ ತುಂಬ ಬೂಷ್ಟು.

“ಇನ್ನೊಂದೇ ಸಲ ನೋಡೋಣ. ಆಗ್ಲೂ ತಿನ್ನದಿದ್ರೆ ಮೇಡಂನ ವ್ಯಾಪಾರಿಗೆ ಕೊಟ್ಬಿಡೋದು,” ಎಂದರು ಮಾವ.

ಸೊಸೆ ಕೊಟ್ಟಿಗೆಯ ಕಡೆ ತಿರುಗಿ ನೋಡಿದಳು. ತಾಯಿಯಿಲ್ಲದ ಕರುವಾಗಿದ್ದ ಮೇಡಂಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವಳು ಅವಳೇ.

ಈ ಸಲ ಅಂಗಳದಲ್ಲಿ ಡ್ರಮ್ಮು ಇಟ್ಟು, ‘ತೆಗೆಯಬೇಡಿ’ ಎಂದು ದಪ್ಪಗೆ ಬರೆದಳು. ಮಾವನಿಗೆ ಅದು ಆಹ್ವಾನ ಪತ್ರಿಕೆಯಂತೆ ಕಂಡಿತು. ಅದೇ ದಿನ ರಿಪೇರಿ ಮೇಜಿನ ಮುಂದಿದ್ದ ಲಟಪಟ ಕುರ್ಚಿ ಹೋಗಿ, ಹಳೇ ಪರದೆ ಸುತ್ತಿದ ಗಿಡ್ಡ ಆಸನ ಬಂತು. ಮೇಲೊಂದು ದಿಂಬು.

“ಸೊಸೆ ಅಂದ್ರೆ ಹೀಗಿರ್ಬೇಕು,” ಎಂದು ಮಾವ ಕೂತು ನೋಡಿ ಹೊಗಳಿದರು. ಅತ್ತೆ ಕೆಮ್ಮಿದಂತೆ ನಕ್ಕು ಒಳಗೆ ಹೋದರು.

ಮೂರು ವಾರ ಕಳೆದ ಬೆಳಿಗ್ಗೆ ಅಂಗಳದ ಡ್ರಮ್ಮಿನಲ್ಲಿ ಮತ್ತದೇ ಬೂಷ್ಟು.

“ನಾನ್ ಹೇಳ್ಲಿಲ್ವಾ? ತಾ ಆ ಫೋನು, ವ್ಯಾಪಾರೀನ ಕರೀತೀನಿ,” ಎಂದು ಮಾವ ಆಸನದಲ್ಲಿ ಕುಕ್ಕರಿಸಿದರು.

“ಒಂದ್ನಿಮಿಷ ಎದ್ದೇಳಿ ಮಾವ.”

ಸೊಸೆ ದಿಂಬು ತೆಗೆದಳು, ಪರದೆ ಬಿಚ್ಚಿದಳು, ಒಳಗಿದ್ದ ಚಿಕ್ಕ ಡ್ರಮ್ಮಿನ ಮುಚ್ಚಳ ಎತ್ತಿದಳು. ಹುಳಿಸಿಹಿ ಘಮ ಕೋಣೆ ತುಂಬಿತು. ದಂಟು ಹೊಂಬಣ್ಣಕ್ಕೆ ತಿರುಗಿ, ಹಿಸುಕಿದರೆ ಮೆತ್ತಗಿತ್ತು.

ಮೇವು ತುಂಬಿದ ಬುಟ್ಟಿ ಕೊಟ್ಟಿಗೆಗೆ ಹೋಯಿತು, ಹಿಂದೆಯೇ ಮನೆಮಂದಿ. ಮೇಡಂ ಮೂಸಿತು. ಮುಖ ತಿರುಗಿಸಿತು. ಸೊಸೆ ಬುಟ್ಟಿಯನ್ನು ಇನ್ನಷ್ಟು ಹತ್ತಿರ ಸರಿಸಿದಳು. ಮೇಡಂ ಸುತ್ತಿ ಬಂದು ಬುಟ್ಟಿಯ ಇನ್ನೊಂದು ಬದಿಯಿಂದ ಬಾಯಿ ಹಾಕಿತು, ತಳ ಕಾಣುವವರೆಗೆ ತೆಗೆಯಲಿಲ್ಲ.

ಮಾವ ತಲೆ ಕೆರೆದುಕೊಂಡರು. “ಅಂದ್ರೆ... ಇಷ್ಟು ದಿನ ಕೂತು ಕಾವು ಕೊಟ್ಟಿದ್ದು ನಾನು!”

“ಹೂಂ, ನೀವು ಕೂತಿದ್ರಿಂದ ಈ ಮನೆಗೆ ಆದ ಮೊದಲ್ನೇ ಉಪಕಾರ,” ಎಂದರು ಅತ್ತೆ.

ಮಾವ ದಿಂಬನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಸೊಸೆಯ ಕಡೆ ತಿರುಗಿದರು.

“ಇನ್ನೊಂದ್ ಡ್ರಮ್ಮು ಬೇಗ ತುಂಬಮ್ಮಾ. ನನಗೆ ಕೂರೋಕೆ ಜಾಗ ಇಲ್ಲ.”