ಬೆಚ್ಚಗಿನ ಎಂಜಿನ್

ಫೆಡ್ಡರ್ಸನ್ ಮುದುಕ ಬೈಕಿನ ಬಣ್ಣ ನೋಡಲಿಲ್ಲ, ಟೈರು ನೋಡಲಿಲ್ಲ. ಕಾರಿನ ಹಿಂದಿನ ಟ್ರೇಲರ್ ಅಂಗಳದಲ್ಲಿ ನಿಂತದ್ದೇ ತಡ, ಕೈಗವಸು ಕಳಚಿ, ಬಿಗಿದ ಪಟ್ಟಿಗಳ ನಡುವೆ ಕೈ ತೂರಿಸಿ ಎಂಜಿನ್ ಮೇಲೆ ಅಂಗೈ ಇಟ್ಟ.

“ಇದು ಬೆಚ್ಚಗಿದೆಯಲ್ಲ,” ಎಂದ.

ಬೈಕು ಮಾರಲು ತಂದಿದ್ದ ವೀಬ್ಕೆಗೆ ನಗು ಬಂತು. ಹಳೇ ಬೈಕು ಕೊಳ್ಳುವವರೆಲ್ಲ ಹೀಗೇ. ತಣ್ಣಗಿದ್ದಾಗ ಹಟ ಮಾಡುವ ಗಾಡಿಯನ್ನು ಮಾರುವವರು ಮೊದಲೇ ಕಾಯಿಸಿ ತರುತ್ತಾರೆಂಬ ಗುಮಾನಿ ಅವರದು. ಈತ ಮೊಸರಲ್ಲಿ ಕಲ್ಲು ಹುಡುಕುವ ಪೈಕಿ ಎಂದು ಫೋನಿನಲ್ಲೇ ಅವಳಿಗೆ ಅನಿಸಿತ್ತು.

“ಬಿಸಿಲಿಗೆ ಕಾದಿರ್ಬೇಕು.”

“ಯಾವ ಬಿಸಿಲಮ್ಮಾ? ಈ ಊರಲ್ಲಿ ಸೂರ್ಯನ ಮುಖ ನೋಡಿ ಯಾವ ಕಾಲವಾಯ್ತು.”

ಅವಳೂ ಮುಟ್ಟಿ ನೋಡಿದಳು. ನಿಜಕ್ಕೂ ಬೆಚ್ಚಗಿತ್ತು.

ಹೋದ ಶರತ್ಕಾಲದಲ್ಲಿ ಅವಳ ಗಂಡ ಹೌಕೆ ಅಡುಗೆಮನೆಯಲ್ಲಿ ಫಿಟ್ಸ್ ಬಂದು ಬಿದ್ದಿದ್ದ. ಒಂದು ಸೂಚನೆಯೂ ಇರಲಿಲ್ಲ. ಮಾತಾಡುತ್ತಿದ್ದವನು ಮರದ ಕೊರಡಿನಂತೆ ಉರುಳಿದ. ಕಾರೂ ಬೇಡ, ಬೈಕೂ ಬೇಡ ಎಂದರು ಡಾಕ್ಟರು. ಕಣ್ಣೆದುರಿಗಿದ್ದರೆ ಆಸೆ ಹುಟ್ಟುತ್ತೆ ಎಂದು ಅವನೇ ಬೈಕನ್ನು ಓಣಿಯ ಕೊನೆಯ ಮನೆಯ ಬೋಯೆಯ ಕೊಟ್ಟಿಗೆಯಲ್ಲಿ ಇರಿಸಿದ್ದ. ಈ ಬೆಳಿಗ್ಗೆ ಅಲ್ಲಿಂದಲೇ ಹಲಗೆ ಇಟ್ಟು ಬೋಯೆಯ ಹಗುರ ಟ್ರೇಲರಿಗೆ ಹತ್ತಿಸಿದ್ದರು. ಹ್ಯಾಂಡಲ್ ಹೌಕೆಯದು, ಹಿಂದಿನಿಂದ ನೂಕುವುದು ಅವಳದು. ದಾರಿಯುದ್ದಕ್ಕೂ ಸಮುದ್ರದ ಗಾಳಿಗೆ ಟ್ರೇಲರ್ ಓಲಾಡಿದಾಗಲೆಲ್ಲ ಅವಳು ಕನ್ನಡಿ ನೋಡಿಕೊಂಡು ಕಾರು ನಿಧಾನಿಸಿದಳು. ಪಕ್ಕದಲ್ಲಿ ಕೂತವನು ಮಾತ್ರ ಸಾಕಿದ ಹಸು ಮಾರಲು ಹೊರಟವನ ಹಾಗೆ ಮುಖ ಮಾಡಿಕೊಂಡಿದ್ದ. ಅವಳಿಗೆ ಪಾಪವೆನಿಸಿತ್ತು.

“ತಿಂಗಳುಗಟ್ಟಲೆ ನಿಂತಿದೆ ಅಂದ್ರಿ,” ಮುದುಕ ಬಿಡಲಿಲ್ಲ. “ಬರೋ ಮುಂಚೆ ಕಾಯಿಸ್ಕೊಂಡು ಬಂದಿದೀರ. ತಣ್ಣಗಿದ್ರೆ ಸ್ಟಾರ್ಟೇ ಆಗಲ್ಲ ಅನ್ನಿ. ಕೆಟ್ಟ ಗಾಡಿ.”

ಹೆತ್ತವರಿಗೆ ಹೆಗ್ಗಣ ಮುದ್ದು. ತನ್ನನ್ನು ಬೈದಿದ್ದರೆ ಹೌಕೆ ಸುಮ್ಮನಿರುತ್ತಿದ್ದ.

“ಕೆಟ್ಟ ಗಾಡಿ ಅನ್ಬೇಡಿ. ಬೆಳಿಗ್ಗೆ ಅಷ್ಟು ಚಳೀಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ಬ್ರೆಡ್ಡು ತರೋಕೆ ಇದ್ರಲ್ಲೇ ಹೋಗಿದ್ದೆ.”

ಹೇಳಿ ಮುಗಿಸಿದ ಮೇಲೆ ನಾಲಿಗೆ ಕಚ್ಚಿಕೊಂಡ.

ವೀಬ್ಕೆ ಅವನ ಕಡೆ ತಿರುಗಿದಳು. ಶನಿವಾರದ ಬ್ರೆಡ್ಡು ಅಪ್ಪ ಮಗಳ ಕೆಲಸ, ಇವತ್ತೂ ಹಾಗೇ. ಇಬ್ಬರೂ ಕೈ ಹಿಡಿದುಕೊಂಡು ಓಣಿಯ ತಿರುವು ದಾಟುವವರೆಗೆ ಅವಳು ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಹಾಳು ಕಾಯಿಲೆ ಇದೊಂದಾದರೂ ಒಳ್ಳೆಯದು ಮಾಡಿತಲ್ಲ, ಮಗುವಿಗೆ ಅಪ್ಪ ಸಿಕ್ಕಿದ ಎಂದುಕೊಳ್ಳುತ್ತಿದ್ದಳು.

“ಆಗ ಯೆಟ್ಟೆ ಎಲ್ಲಿದ್ಲು?”

“ಮನೆಗೆ ಹೋಗಿ ಮಾತಾಡೋಣ ಕಣೆ.”

“ಮಗು ಎಲ್ಲಿತ್ತು ಹೌಕೆ?”

“ನಿಧಾನಕ್ಕೇ ಹೋಗ್ತಿದ್ವಿ. ಕಡಲ ಒಡ್ಡಿನ ದಾರೀಲಿ ಒಂದು ನರಪಿಳ್ಳೆ ಇರಲ್ಲ.”

“ಹೋಗ್ತಿದ್ವಿ ಅಂದ್ರೆ?” ಅವಳ ದನಿ ಅವಳಿಗೇ ಬೇರೆ ಯಾರದೋ ಎನಿಸಿತು. “ಇವತ್ತೊಂದಿನ ಅಲ್ವಾ?”

ಹೌಕೆ ಬಿಗಿದ ಪಟ್ಟಿಯನ್ನೇ ಮತ್ತೆ ಬಿಗಿಯತೊಡಗಿದ. ಫೆಡ್ಡರ್ಸನ್ ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡಿದ. ಏನೆಂದು ತಿಳಿಯದಿದ್ದರೂ ಬೈಕಿನ ಮಾತಲ್ಲ ಎಂದು ಅರ್ಥವಾಗಿರಬೇಕು. “ನಾನು ಕಾಫಿಗಿಡ್ತೀನಿ,” ಎಂದು ಒಳಗೆ ಹೋದ.

ಕಾರಿನ ಹಿಂದಿನ ಸೀಟಿನಿಂದ ಯೆಟ್ಟೆ ಇಳಿದು ಬಂದಳು. ಆರು ವರ್ಷದ ಹುಡುಗಿ. ತುಟಿಯ ಮೇಲೆ ಇನ್ನೂ ಬ್ರೆಡ್ಡಿನ ಪುಡಿ.

“ಅಪ್ಪ ಹೇಳ್ಬಿಟ್ಯಾ?” ದೊಡ್ಡ ಭಾರ ಇಳಿದವಳಂತೆ ಉಸಿರುಬಿಟ್ಟಳು. “ಅಮ್ಮಾ, ನಾನಂತೂ ಯಾರಿಗೂ ಹೇಳ್ಲಿಲ್ಲ. ನೀನೇನೂ ಹೆದರ್ಕೋಬೇಡ. ಅಪ್ಪಂಗೆ ಫಿಟ್ಸ್ ಬಂದ್ರೂ ನಾನು ಬೀಳಲ್ಲ. ಅಪ್ಪ ನನ್ನ ಅವನ ಸೊಂಟಕ್ಕೇ ಕಟ್ಕೊಳ್ತಾನೆ.”

“ಕಟ್ಕೊಳ್ತಾನಾ?”

“ತಡಿ, ತೋರಿಸ್ತೀನಿ.”

ಡಿಕ್ಕಿಯಿಂದ ನೀಲಿ ಪಟ್ಟಿಯೊಂದನ್ನು ಎಳೆದು ತಂದಳು. ಟ್ರೇಲರಿಗೆ ಬಿಗಿಯುವಂಥದ್ದೇ; ತುದಿಗಳನ್ನು ಸೇರಿಸಿ ಬಳೆಯಂತೆ ಮಾಡಿ, ಬಕಲ್ ಹಾಕಿ ಹಾಗೇ ಬಿಟ್ಟಿತ್ತು. ಬಕಲ್ ಕಚ್ಚಿದ ಕಡೆ ಪಟ್ಟಿ ಸವೆದು ಬೆಳ್ಳಗಾಗಿತ್ತು.

ಒಂದೇ ದಿನಕ್ಕೆ ಹಾಗೆ ಸವೆಯುವುದಿಲ್ಲ. ಆ ಒಡ್ಡಿನ ಮೇಲೆ ಅವನ ಕೈ ಸೆಟೆದು ಬೈಕು ಕಲ್ಲಿಗೆ ಉರುಳಿದ್ದರೆ? ಕಟ್ಟದೆ ಸುಮ್ಮನೆ ಕೂತಿದ್ದರೆ ಮಗು ಹುಲ್ಲಿಗಾದರೂ ಎಸೆಯಲ್ಪಟ್ಟು ಉಳಿದೀತು. ಅವನು ಅದಕ್ಕೂ ದಾರಿ ಬಿಟ್ಟಿರಲಿಲ್ಲ. ವೀಬ್ಕೆ ಟ್ರೇಲರಿನ ಅಂಚು ಹಿಡಿದುಕೊಂಡಳು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ.

ಯೆಟ್ಟೆ ಪಟ್ಟಿಯನ್ನು ತಲೆಯ ಮೇಲಿಂದ ಇಳಿಸಿ ಸೊಂಟದ ಬಳಿ ಹಿಡಿದುಕೊಂಡಳು. ಮುಂದಿನ ಅರ್ಧ ಖಾಲಿಯಾಗಿ ಜೋತಾಡಿತು.

“ಅಪ್ಪಾ, ಬಾ. ನೀನಿಲ್ದೆ ಇದು ನಿಲ್ಲಲ್ಲ.”

ಹೌಕೆ ಕದಲಲಿಲ್ಲ. ಅವಳು ಅವನಿಗೆಂದು ಎರಡೂ ತೋಳು ಚಾಚಿದಳು. ಪಟ್ಟಿ ಜಾರಿ ಶೂಗಳ ಸುತ್ತ ಬಿತ್ತು. ಅದರೊಳಗೇ ನಿಂತು ಕಾದಳು.